ಟೆಂಡರ್ ಎಂದರೆ ಮೆತ್ತಗೆ ಎಂದೆ

ಮದುವೆಯಾಗಿ ಜಡಿಗೇನಹಳ್ಳಿಗೆ ಬಂದಾಗ ಆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದವಳು ನಾನೊಬ್ಬಳೇ. ಇಂಗ್ಲಿಷ್ ಕಾಗದ ಯಾವುದು ಬಂದರೂ ನನ್ನ ಕೈಗೇ ಕೊಡುತ್ತಿದ್ದರು. ನನಗೂ ಅದೊಂದು ಹೆಮ್ಮೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅತ್ತೆಗೆ ಹೊಟ್ಟೆನೋವು ಜೋರಾಗಿ, ಮಾವ ಅವರನ್ನು ಬೆಳಿಗ್ಗೆಯೇ ಹೊಸಕೋಟೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಒಂದು ಚೀಟಿ ಬರೆದುಕೊಟ್ಟು, ಈಗಲೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದಿದ್ದರಂತೆ. ಆಪರೇಷನ್ನಿಗೆ ಹೆದರಿದ ಅತ್ತೆ ಹಟ ಹಿಡಿದು ಊರಿಗೆ ವಾಪಸು ಬಂದುಬಿಟ್ಟಿದ್ದರು.

"ಏನ್ ಬರ್ದವ್ರೆ, ಓದಮ್ಮ" ಎಂದರು ಮಾವ.

ಗೀಚಿದಂಥ ಇಂಗ್ಲಿಷ್ ಅಕ್ಷರ. ಹೊಟ್ಟೆ ಎಂಬರ್ಥದ ಪದ ತಿಳಿಯಿತು, ಅದರ ಪಕ್ಕದಲ್ಲಿ 'ಟೆಂಡರ್' ಎಂದಿತ್ತು. ಎಳನೀರಿಗೆ, ಚಿಗುರೆಲೆಗೆ ಅದೇ ಪದವನ್ನು ಶಾಲೆಯಲ್ಲಿ ಕಲಿಸಿದ್ದರು.

"ಹೊಟ್ಟೆ ಮೆತ್ತಗಿದೆ ಅಂತ ಬರ್ದಿದ್ದಾರೆ."

"ಮೆತ್ಗಿದ್ರೆ ಇನ್ನೇನು, ಜೀರಿಗೆ ಕಷಾಯ ಕುಡಿದ್ರೆ ಹೋಯ್ತದೆ" ಎಂದು ಅತ್ತೆ ಮಗ್ಗುಲಾದರು. ಮಾವ ಹೊಲಕ್ಕೆ ಹೋದರು.

ಕಷಾಯ ಕುದಿಯುವಾಗ ಅನುಮಾನ ಶುರುವಾಯಿತು. ಮೆತ್ತಗಿದ್ದರೆ ಬೆಂಗಳೂರಿಗೆ ಯಾಕೆ ಕಳಿಸುತ್ತಾರೆ? ಲೋಟ ಕೊಡಲು ಹೋದಾಗ ನನ್ನ ಸೆರಗು ಅವರ ಹೊಟ್ಟೆಗೆ ತಾಗಿತು. ಅಷ್ಟಕ್ಕೇ ಅತ್ತೆ ಹಲ್ಲು ಕಚ್ಚಿದರು. ಮೆಲ್ಲಗೆ ಮುಟ್ಟಿ ನೋಡಿದೆ, ಹಲಗೆಯಂತೆ ಬಿಗಿದಿತ್ತು.

ಒಲೆ ಆರಿಸಿ, ಚೀಟಿ ಹಿಡಿದು ಹಿಂದಿನ ಬೀದಿಯ ಮೇಷ್ಟ್ರ ಮನೆಗೆ ಓಡಿದೆ. ಅವರು ನಿಘಂಟು ತೆಗೆದು ಬೆರಳಿಟ್ಟು ಓದಿದರು: "ಮೃದು... ಎಳೆಯ... ಮುಟ್ಟಿದರೆ ನೋಯುವ." ತಲೆಯೆತ್ತಿ, "ಡಾಕ್ಟರು ಬರೆದರೆ ಈ ಕೊನೇದೇ ಇರ್ಬೇಕು ಕಣಮ್ಮ" ಎಂದರು.

ಹೊಲದವರೆಗೂ ಓಡಿದೆ. ಮಾವನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಗಾಡಿ ಕಟ್ಟಿದರು. ನೋವಿನಲ್ಲಿ ಅತ್ತೆಯ ಹಟವೂ ಸೋತಿತ್ತು. ಹೊಸಕೋಟೆಯಲ್ಲಿ ಬಸ್ಸು ಸಿಗುವ ತನಕ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಗಾಡಿ ಎಗರಿದಾಗಲೆಲ್ಲ ಅವರು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ನನ್ನನ್ನು ನಂಬಿ ಹಿಡಿದ ಆ ಕೈಯನ್ನು ನೋಡಲಾಗುತ್ತಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಅವತ್ತು ರಾತ್ರಿಯೇ ಆಪರೇಷನ್ ಆಯಿತು. ಕರುಳಿನ ತುದಿ ಕೀವು ತುಂಬಿ ಒಡೆಯುವುದರಲ್ಲಿತ್ತು ಎಂದರು ಡಾಕ್ಟರು. ಅತ್ತೆ ಉಳಿದುಕೊಂಡರು.

ಮೂರನೇ ದಿನ ಗಂಜಿ ಕುಡಿಸುತ್ತಾ, "ತಪ್ಪು ಓದ್ಬಿಟ್ಟೆ ಅತ್ತೆ" ಎಂದೆ.

ಅವರು ಗುಟುಕು ನುಂಗಿ, "ಹೋಗಲ್ಲ ಅಂದೋಳು ನಾನು. ನೀನು ಮೆತ್ಗೆ ಅಂದಿದ್ದು ನಂಗೊಂದು ನೆಪ ಆಯ್ತು, ಅಷ್ಟೇ" ಎಂದರು. ಇನ್ನೊಂದು ಗುಟುಕು ಕುಡಿದು, "ಗಂಜಿಗೆ ಉಪ್ಪು ಸಾಲ್ದು" ಎಂದರು.

ಉಪ್ಪು ಕೇಳಿ ತರಲು ವಾರ್ಡಿನಿಂದ ಹೊರಗೆ ಬಂದವಳು ಗೋಡೆಗೆ ಒರಗಿ ಅತ್ತುಬಿಟ್ಟೆ.