ಯಮನಮ್ಮನ ವಾರ

ಚಿತ್ತವಾಡ್ಗಿಯಲ್ಲಿ ಯಮನಮ್ಮನ ಗಾಡಿಯ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿನ್ನದವರು ಒಂದೋ ಪಥ್ಯದಲ್ಲಿರಬೇಕು, ಇಲ್ಲವೇ ಅವಳೊಡನೆ ಜಗಳವಾಡಿರಬೇಕು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಇಂಥ ಗಟ್ಟಿಗಿತ್ತಿಗೂ ಒಂದು ಭಯವಿತ್ತು: ಮರೆವು. ಅವಳ ತಾಯಿ ಹೊಳೆಮ್ಮ ಕೊನೆಗಾಲದಲ್ಲಿ ಎಲ್ಲರನ್ನೂ ಮರೆತು, ಮಗಳನ್ನೇ "ಅವ್ವಾ, ಉಣ್ಣಿಸು" ಎಂದು ಕರೆಯುತ್ತಿದ್ದಳು. ಆ ಸಂಕಟ ಯಮನಮ್ಮನಲ್ಲಿ ಇನ್ನೂ ಆರಿಲ್ಲ.

ಮಿದುಳಿನ ಅಧ್ಯಯನಕ್ಕೆಂದು ಮೈಸೂರು ಕಡೆಯಿಂದ ಬಂದ ಡಾಕ್ಟರ್ ತ್ರಿವೇಣಿ, ಇಂಥ ಮರೆವು ಕಂಡ ಮನೆತನಗಳನ್ನು ಹುಡುಕುತ್ತ ಅವಳ ಗಾಡಿಗೂ ಬಂದಳು. ಆಗಾಗ ನಾಲ್ಕು ಪ್ರಶ್ನೆ, ಕೊನೆಗೊಂದು ತಲೆಯ ಸ್ಕ್ಯಾನ್.

"ಏನಾದರೂ ಕಂಡುಬಂದರೆ ನಿಮಗೆ ಹೇಳಬೇಕೋ, ಬೇಡವೋ?" ಎಂದು ಮೊದಲೇ ಕೇಳಿದಳು.

"ವಾಸಿ ಆಗೋ ಔಷಧ ಐತೇನ್ರಿ?"

"ಇನ್ನೂ ಇಲ್ಲಮ್ಮ."

"ಮತ್ತ ಗೊತ್ತಾಗಿ ಏನ್ ಮಾಡ್ಲಿ? ಹೇಳಬ್ಯಾಡ್ರಿ."

ತ್ರಿವೇಣಿ ಮಾತು ಕೊಟ್ಟು ಪ್ರಶ್ನೆ ಶುರುಮಾಡಿದಳು: "ಹೆಸರು? ಊರು? ವಾರ?" ಅಂದು ಗುರುವಾರ. ಯಮನಮ್ಮ "ಮಂಗಳವಾರ" ಎಂದಳು. ಮುಂದಿನ ಸಲ ಶನಿವಾರ, ಆಗಲೂ ಮಂಗಳವಾರ. ಮೂರನೆಯ ಸಲವೂ ಅದೇ ಉತ್ತರ ಬಂದಾಗ ತ್ರಿವೇಣಿಯ ಕೈಯ ಮಿರ್ಚಿ ಕೈಯಲ್ಲೇ ಉಳಿಯಿತು. ಹೇಳುವುದಿಲ್ಲವೆಂದು ಬಾಯಿ ಮಾತು ಕೊಟ್ಟಿತ್ತು, ಮುಖ ಕೊಟ್ಟಿರಲಿಲ್ಲ.

ಆ ಮುಖ ನೋಡಿದ ಯಮನಮ್ಮ ಮಿರ್ಚಿ ಎತ್ತುವ ತೂತುಸೌಟನ್ನು ಕೆಳಗಿಟ್ಟಳು.

"ನಿಮಗ ಗೊತ್ತಿದ್ದು ನನಗ ಗೊತ್ತಿಲ್ಲಂದ್ರ ನಿದ್ದಿ ಹೆಂಗ ಬರ್ತೈತ್ರಿ? ಹೇಳಿಬಿಡ್ರಿ."

"ಯಾವ ದಿನ ಕೇಳಿದರೂ ಮಂಗಳವಾರ ಅಂತೀರಲ್ಲಮ್ಮ."

"ನಮ್ಮ ವಾರ ಮಂಗಳವಾರನ ಅಲ್ಲೇನ್ರಿ? ನಮ್ಮ ಮನಿದೇವ್ರು ಉಚ್ಚೆಂಗೆಮ್ಮನ ವಾರ. ಒಪ್ಪತ್ತು ಇರ್ತೀನಿ, ಗಾಡಿ ಹಚ್ಚಂಗಿಲ್ಲ. ನೀವು ವಾರ ಕೇಳಿದ್ರಿ, ಹೇಳಿದೆ. ಇವತ್ತು ಏನು ಅಂತ ಕೇಳಿದ್ರ ಸೋಮವಾರ ಅಂತಿದ್ದೆ. ಬಂದಾಗೆಲ್ಲ ಅದನ್ನ ಕೇಳ್ತೀರಿ, ಮರೆವು ನಿಮಗ ಐತೇನೋ ಅನ್ಕೊಂಡಿದ್ದೆ."

ತ್ರಿವೇಣಿ ಹಣೆ ಚಚ್ಚಿಕೊಂಡು ನಕ್ಕಳು. ಯಮನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಈರುಳ್ಳಿಯನ್ನು ಬೈದಳು. ಜೀವ ಮರಳಿ ಬಂದಷ್ಟು ಹಗುರಾಗಿತ್ತು ಅವಳಿಗೆ. ಆದರೆ ಸ್ಕ್ಯಾನ್ ಇನ್ನೂ ಬಾಕಿ ಇತ್ತು.

"ಅದರಲ್ಲಿ ಏನಾದರೂ ಕಂಡರೆ? ಆಗಲೂ ಹೇಳಬೇಡವೇ?"

ಯಮನಮ್ಮ ಮತ್ತೆ ಸೌಟು ಹಿಡಿದು ಬಾಣಲೆಯ ಮಿರ್ಚಿಗಳನ್ನು ಒಂದೊಂದಾಗಿ ತಿರುವಿಹಾಕಿದಳು.

"ಹೇಳ್ರಿ. ಮೊದ್ಲು ನನಗ, ಓಣಿಗಲ್ಲ. ಆಮ್ಯಾಲ ಮಗಳು ಸುಧಾರಾಣಿಗೆ ನಾನ ಹೇಳ್ತೀನಿ. ನಾಳೆ ನಾನು ಅಕಿನ್ನ ಅವ್ವಾ ಅಂತ ಕರದ್ರ ಅಕಿ ಬೆದರಬಾರ್ದು, ಹೂಂ ಅನ್ನಬೇಕು. ನನಗ ಯಾರೂ ಮೊದ್ಲ ಹೇಳಿರಲಿಲ್ಲ."

ತ್ರಿವೇಣಿ ತಲೆಯಾಡಿಸಿ ಎದ್ದಳು.

"ನಾಳೆ ಬರಬ್ಯಾಡ್ರಿ ಮತ್ತ," ಯಮನಮ್ಮ ಬಿಸಿ ಮಿರ್ಚಿ ಕಟ್ಟಿಕೊಡುತ್ತ ಹೇಳಿದಳು. "ನಮ್ಮ ವಾರ."