‘ಫೋರ್’ ಎಂದು ಕೂಗಿದ ಮೇಲೆ

ನಾನು ವೃತ್ತಿಪರ ಗಾಲ್ಫ್ ಆಡಲು ಶುರುಮಾಡಿ ಹತ್ತಿರ ಹತ್ತಿರ ಹತ್ತು ವರ್ಷವಾಗಿದ್ದಾಗ ನಡೆದದ್ದು ಇದು. ಆಗ ನನ್ನದು ದೇಶದೊಳಗಿನ ಟೂರ್. ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು, ನಡುವೆ ಚಾಮರಾಜಪೇಟೆಯ ಮನೆ. ಅಪ್ಪ ಗಾಲ್ಫ್ ಕ್ಲಬ್ಬೊಂದರ ಆಫೀಸಿನಲ್ಲಿ ಗುಮಾಸ್ತರಾಗಿದ್ದರಿಂದ ಚಿಕ್ಕಂದಿನಲ್ಲೇ ಈ ಆಟ ಕೈಗೆ ಸಿಕ್ಕಿತು. ನಮ್ಮ ಬೀದಿಯವರಿಗೆ ಮಾತ್ರ ನಾನು ಏನು ಕೆಲಸ ಮಾಡುತ್ತೇನೆ ಎಂಬುದು ಕೊನೆಗೂ ಸರಿಯಾಗಿ ಅರ್ಥವಾಗಿರಲಿಲ್ಲ.

ಎದುರು ಮನೆಯ ರುದ್ರಪ್ಪನವರೊಬ್ಬರಿಗೆ ಅದರಲ್ಲಿ ಆಸಕ್ತಿ. ಚಿಕ್ಕಪೇಟೆಯಲ್ಲಿ ಸೀರೆಯ ಸಗಟು ವ್ಯಾಪಾರ ಮಾಡಿದವರು. ಅಂಗಡಿಯನ್ನು ತಮ್ಮನ ಮಗನಿಗೆ ಒಪ್ಪಿಸಿ ಮನೆಯಲ್ಲಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಪೇಪರು ಹಿಡಿದರೆ ಮೊದಲು ತೆರೆಯುತ್ತಿದ್ದದ್ದು ಆಟದ ಪುಟ. ಅದರ ಮೂಲೆಯಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಹುಡುಕಿ, ನಾನು ಊರಿಂದ ಬಂದಾಗ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಿದ್ದರು. ಒಂದು ಸಲವಾದರೂ ಕಣ್ಣಾರೆ ನೋಡಬೇಕು ಎನ್ನುವುದು ಅವರ ಆಸೆ. ಆ ವರ್ಷ ಬೆಂಗಳೂರಿನ ಹೊರವಲಯದಲ್ಲೇ ಒಂದು ಟೂರ್ನಿ ನಡೆಯಿತು. ಪಾಸ್ ತಂದುಕೊಟ್ಟೆ. ಕೊನೆಯ ಸುತ್ತಿನ ದಿನ ನನ್ನ ಕಾರಿನಲ್ಲೇ ಬಂದರು. ಬಿಳಿ ಷರ್ಟು, ಬಿಳಿ ಪಂಚೆ, ಬಿಸಿಲಿಗೆಂದು ಹೊಸದಾಗಿ ಕೊಂಡ ಟೋಪಿ.

ಒಂದು ಸುತ್ತಿಗೆ ಹದಿನೆಂಟು ಹೋಲ್, ಅಂದರೆ ಚೆಂಡು ಬೀಳಿಸಬೇಕಾದ ಗುಳಿಗಳು. ಹದಿಮೂರು ಹೋಲ್‌ಗಳ ತನಕ ಅವರು ನನ್ನ ಜೊತೆಜೊತೆಗೇ, ನೋಡುವವರಿಗೆಂದು ಕಟ್ಟಿದ ಹಗ್ಗದ ಆಚೆ ನಡೆದು ಬಂದರು. ನಾನು ಚೆನ್ನಾಗಿ ಆಡುತ್ತಿದ್ದೆ. ಹದಿನಾಲ್ಕನೇ ಹೋಲ್ ಉದ್ದದ್ದು, ಮಧ್ಯದಲ್ಲಿ ಬಲಕ್ಕೆ ತಿರುಗುತ್ತದೆ. ಚೆಂಡು ಎಲ್ಲಿ ಬೀಳುತ್ತದೆಂದು ಕಾಣಲಿ ಎಂದು ಅವರು ಮುಂದೆ ಹೋಗಿ ಆ ತಿರುವಿನಲ್ಲಿ ನಿಂತಿದ್ದರು. ನಾನು ಡ್ರೈವರ್ ಬೀಸಿದೆ. ಡ್ರೈವರ್ ಎಂದರೆ ಅತಿ ದೂರ ಹೊಡೆಯುವ ಕೋಲು. ತಾಗಿದ ಕೂಡಲೇ ಗೊತ್ತಾಯಿತು, ಚೆಂಡು ಬಲಕ್ಕೆ ಬಾಗುತ್ತಿದೆ.

ಚೆಂಡು ಜನರ ಕಡೆ ಹೋದರೆ ಆಟಗಾರ ‘ಫೋರ್’ ಎಂದು ಕೂಗಬೇಕು. ಜಗತ್ತಿನಲ್ಲಿ ಎಲ್ಲಿ ಆಡಿದರೂ ಅದೇ ಪದ. ಆಟ ಬಲ್ಲವರು ಕೇಳಿದ ತಕ್ಷಣ ಎರಡೂ ಕೈಯಿಂದ ತಲೆ ಮುಚ್ಚಿ ಬಗ್ಗುತ್ತಾರೆ. ನಾನು ಕೂಗಿದೆ. ನನ್ನ ಕ್ಯಾಡಿ ಮುನಿರಾಜು, ನನ್ನ ಕೋಲುಗಳ ಚೀಲ ಹೊತ್ತು ನಡೆಯುವವನು, ಅವನೂ ಕೂಗಿದ. ತಿರುವಿನಲ್ಲಿದ್ದ ನಾಲ್ಕಾರು ಜನ ಬಗ್ಗಿದರು. ರುದ್ರಪ್ಪನವರು ಬಗ್ಗಲಿಲ್ಲ. ನಮ್ಮ ಕಡೆ ತಿರುಗಿದರು.

ನಾನು ಓಡಿಹೋಗುವ ಹೊತ್ತಿಗೆ ಅವರು ಹುಲ್ಲಿನ ಮೇಲೆ ಕೂತಿದ್ದರು. ಬಲಗಣ್ಣಿನ ಮೇಲೆ ಅಂಗೈ, ಬೆರಳ ಸಂದಿಯಿಂದ ಇಳಿದ ರಕ್ತ ಷರ್ಟಿನ ಮೇಲೆ. ಅವರು ಚೀರಲಿಲ್ಲ, ಟೋಪಿ ಎಲ್ಲಿ ಎಂದು ಕೇಳಿದರು. ಮೈದಾನದ ಡಾಕ್ಟರು ಬಂದರು, ಆಂಬುಲೆನ್ಸ್ ಬಂತು. ಅವರ ಕೈ ನನ್ನ ಕೈಯಲ್ಲಿತ್ತು. ಸ್ಟ್ರೆಚರ್ ಎತ್ತಿದಾಗ ಬಿಟ್ಟೆ.

ರೆಫರಿ ಹತ್ತಿರ ಬಂದು ಮೆಲ್ಲಗೆ ನಿಯಮ ಹೇಳಿದರು. ಆಕಸ್ಮಿಕವಾಗಿ ಮನುಷ್ಯರಿಗೆ ತಾಗಿದ ಚೆಂಡಿಗೆ ದಂಡವಿಲ್ಲ, ಅದು ನಿಂತ ಜಾಗದಿಂದಲೇ ಮುಂದಿನ ಹೊಡೆತ. ಯಾರಿಗೂ ತಾಗದೆ ಹೋಗಿದ್ದರೆ ಆ ಚೆಂಡು ಮರಗಳಾಚೆ, ಮೈದಾನದ ಗಡಿ ದಾಟಿ ಹೋಗಬೇಕಿತ್ತು. ಈಗ ಅದು ಕತ್ತರಿಸಿದ ಹುಲ್ಲಿನ ನಟ್ಟನಡುವೆ, ಒಳ್ಳೆಯ ಜಾಗದಲ್ಲಿ ನಿಂತಿತ್ತು. ಅವರ ಮುಖಕ್ಕೆ ತಾಗಿ ವಾಪಸ್ ಬಂದದ್ದು.

“ಆಡ್ತೀರಾ, ನಿಲ್ಲಿಸ್ತೀರಾ?” ಎಂದು ರೆಫರಿ ಕೇಳಿದರು.

ಆಡುತ್ತೇನೆ ಎಂದೆ. ಯಾಕೆ ಹಾಗಂದೆ ಎಂದು ಆಮೇಲೆ ಹಲವರು ಕೇಳಿದ್ದಾರೆ. ಮುನಿರಾಜು ಯಾವ ಕೋಲು ಬೇಕೆಂದು ಕೇಳಿದ, ಹೇಳಿದೆ. ಆ ಹೋಲ್‌ನಲ್ಲಿ ಬರ್ಡಿ, ಅಂದರೆ ನಿಗದಿಗಿಂತ ಒಂದು ಹೊಡೆತ ಕಡಿಮೆ. ಉಳಿದ ಹೋಲ್‌ಗಳಲ್ಲೂ ತಪ್ಪಿಲ್ಲ. ಆ ಋತುವಿನಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸ್ಥಾನ ಅದೇ ಟೂರ್ನಿಯದು. ಮಾರನೆಯ ದಿನದ ಪೇಪರಿನಲ್ಲಿ ನನ್ನ ಮನಸ್ಥೈರ್ಯವನ್ನು ಹೊಗಳಿ ಬರೆದಿದ್ದರು. ಅದು ಸ್ಥೈರ್ಯವಾಗಿರಲಿಲ್ಲ. ಹಲ್ಲು ಕೀಳಿಸಿದ ಮೇಲೆ ದವಡೆ ಜೋಮು ಹಿಡಿದಿರುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಆಸ್ಪತ್ರೆಗೆ ಹೋದಾಗ ಸಂಜೆ. ಅವರ ಹೆಂಡತಿ ಗಿರಿಜಮ್ಮ ಬೆಂಚಿನ ಮೇಲೆ ಕೂತಿದ್ದರು. ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿಯಾಗಿತ್ತು. ಹತ್ತಿರ ಹೋಗಿ ನಿಂತೆ. ಅವರು ತಲೆಯೆತ್ತಿ, “ಊಟ ಮಾಡಿದ್ಯೇನಪ್ಪ?” ಎಂದರು. ಇಲ್ಲ ಎಂದೆ.

ಮುಂದಿನ ವಾರಗಳು ನನಗೆ ಸರಿಯಾಗಿ ನೆನಪಿಲ್ಲ. ಅಭ್ಯಾಸ ಬಿಡಲಿಲ್ಲ, ಚೆಂಡು ಹೇಳಿದ ಕಡೆ ಹೋಗುತ್ತಿತ್ತು. ನಿನ್ನ ತಪ್ಪೇನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೂಂ ಎನ್ನುತ್ತಿದ್ದೆ. ಎದುರು ಮನೆಯ ಬಾಗಿಲು ದಿನಾ ಕಾಣುತ್ತಿತ್ತು. ಅವರು ಆಸ್ಪತ್ರೆಯಿಂದ ಬಂದ ಮೇಲೂ ನಾನು ಒಳಗೆ ಹೋಗಿರಲಿಲ್ಲ. ಕೊನೆಗೆ ಗಿರಿಜಮ್ಮನವರೇ ಬಂದು, ನಿನ್ನನ್ನು ಕೇಳುತ್ತಿದ್ದಾರೆ ಎಂದು ಕರೆದರು.

ರುದ್ರಪ್ಪನವರು ಕಪ್ಪು ಕನ್ನಡಕ ಹಾಕಿ ಹಾಲ್‌ನಲ್ಲಿ ಕೂತಿದ್ದರು. ಕಾಫಿಯನ್ನು ತಾವೇ ಬಗ್ಗಿಸುತ್ತೇನೆಂದು ಹಟ ಹಿಡಿದರು. ಒಂದೇ ಕಣ್ಣಿನಲ್ಲಿ ದೂರ ಹತ್ತಿರದ ಅಂದಾಜು ಸಿಗದು. ಮೊದಲು ಬೆರಳಿಂದ ಲೋಟದ ಅಂಚು ಮುಟ್ಟಿ ನೋಡಿ, ಆಮೇಲೆ ಬಗ್ಗಿಸಿದರು. ಸ್ವಲ್ಪ ಚೆಲ್ಲಿತು. ಒರೆಸಿದರು.

“ನೋಡೋಕೆ ಬಂದೋರನ್ನೆಲ್ಲ ಕೇಳ್ದೆ, ಯಾರೂ ಹೇಳ್ಲಿಲ್ಲ. ಆ ಚೆಂಡು ಏನಾಯ್ತು?”

“ವಾಪಸ್ ಒಳಗೇ ಬಂತು ಅಂಕಲ್. ಬರ್ಡಿ ಆಯ್ತು.”

ಅವರು ತಮ್ಮ ಲೋಟ ಕೈಗೆತ್ತಿಕೊಂಡರು. “ಸರಿ. ಅದಾದ್ರೂ ಆಯ್ತಲ್ಲ,” ಎಂದರು.

ನಾನು ಕಷ್ಟಪಟ್ಟು ಕೇಳಿದೆ: “ನಾವು ಕೂಗಿದ್ದು ಕೇಳಿಸ್ಲಿಲ್ವಾ?”

“ಚೆನ್ನಾಗಿ ಕೇಳಿಸ್ತು. ನೀನು ನನ್ನನ್ನೇ ಕರೀತಿದೀಯ ಅಂದ್ಕೊಂಡೆ ಕಣಪ್ಪ. ಅದಕ್ಕೇ ತಿರುಗಿದೆ.”

ಅವರ ದನಿಯಲ್ಲಿ ದೂರೇನೂ ಇರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದ್ದರು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಕಾಫಿ ಕುಡಿದು ಮುಗಿಸಿ, ಲೋಟವನ್ನು ಬಚ್ಚಲಿಗೆ ಇಟ್ಟು ಬಂದೆ. ಅಂದಿನಿಂದ ಊರಿನಲ್ಲಿದ್ದಾಗಲೆಲ್ಲ ಸಂಜೆ ಅವರ ಜೊತೆ ರಸ್ತೆ ದಾಟಿ ಪಾರ್ಕಿನ ತನಕ ಹೋಗುತ್ತಿದ್ದೆ. ಯಾವಾಗಲೂ ಅವರ ಬಲಕ್ಕೆ, ಅವರಿಗೆ ಕಾಣದ ಕಡೆಗೆ ನಿಲ್ಲುತ್ತಿದ್ದೆ. ಗಾಲ್ಫ್ ಮಾತು ಅವರು ಬಿಡಲಿಲ್ಲ. ಮೈದಾನಕ್ಕೆ ಮಾತ್ರ ಮತ್ತೆ ಬರಲಿಲ್ಲ.

ಮುಂದೆ ಕೆಲವು ವರ್ಷ ಆಡಿ ನಿಲ್ಲಿಸಿದೆ. ಈಗ ಕಲಿಸುತ್ತೇನೆ. ನಮ್ಮ ಕಸುಬಿನ ಎಚ್ಚರಿಕೆಯೆಲ್ಲ ನಮ್ಮ ಕಸುಬಿನವರಿಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿದೆ ಎಂಬುದು ಆ ಕಾಫಿಯ ಹೊತ್ತಿನಲ್ಲಿ ನನಗೆ ತಿಳಿಯಿತು. ಕೂಗಿದೆವು, ನಮ್ಮ ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತೇವೆ. ಕೇಳಿಸಿಕೊಂಡವರಿಗೆ ಏನು ಮಾಡಬೇಕೆಂದು ಮೊದಲೇ ಹೇಳಿರುವುದಿಲ್ಲ. ಈಗ ಊರಿನಲ್ಲಿ ಟೂರ್ನಿ ಇದ್ದಾಗ ಆಟ ಶುರುವಾಗುವ ಮೊದಲು ಹಗ್ಗದ ಹತ್ತಿರ ಹೋಗಿ, ‘ಫೋರ್’ ಎಂದು ಕೇಳಿಸಿದರೆ ತಲೆ ಮುಚ್ಚಿ ಬಗ್ಗಬೇಕು ಎಂದು ಹೊಸಬರಂತೆ ಕಂಡವರಿಗೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಕಳೆದ ಸಲ ಮಲ್ಲೇಶ್ವರದಿಂದ ಬಂದಿದ್ದ ಹೆಂಗಸೊಬ್ಬರು ನಕ್ಕು, ಚೆಂಡು ಎಲ್ಲಿಂದ ಬರುತ್ತಿದೆ ಎಂದು ನೋಡದೆ ಬಗ್ಗುವುದು ಹೇಗೆ ಎಂದು ಕೇಳಿದರು.

“ನೋಡ್ಬೇಡಿ ಮೇಡಂ,” ಎಂದೆ. “ಯಾರೇ ಕೂಗಿದ್ರೂ, ನಿಮ್ಮೋರೇ ಕೂಗಿದ್ರೂ ತಿರುಗ್ಬೇಡಿ. ಬಗ್ಗಿ ಅಷ್ಟೆ.”