ಬುಟ್ಟಿ ಮುಚ್ಚಿದ ಚೌಕಾಬಾರಾ

ಜತ್ತ ತಾಲೂಕಿನ ಬಿಸಿಲನ್ನು ಹೊರಗಿನವರಿಗೆ ವರ್ಣಿಸಲು ಹೋಗಿ ನಾನು ಹಲವು ಸಲ ಸೋತಿದ್ದೇನೆ. ಯುಗಾದಿ ದಾಟಿತೆಂದರೆ ಮಧ್ಯಾಹ್ನ ನಾಯಿ ಕೂಡ ಓಣಿಗೆ ಇಳಿಯುತ್ತಿರಲಿಲ್ಲ. ಜೋಳದ ರಾಶಿ ಮುಗಿದು ಹೊಲ ಬರಿದಾಗಿರುತ್ತಿತ್ತು. ಮಿರಗದ, ಎಂದರೆ ಮೃಗಶಿರದ, ಮಳೆ ಬೀಳುವ ತನಕ ದೊಡ್ಡವರಿಗೆ ಹೊಲದ ಕೆಲಸವಿಲ್ಲ, ಸಾಲೆಗೆ ಸೂಟಿಯಾದ್ದರಿಂದ ನನಗೂ ಇಲ್ಲ. ಉಂಡು ಕೈ ತೊಳೆದ ಮೇಲೆ ಮುಂಬಾಗಿಲು ಹಾಕಿ, ಅದಕ್ಕೆ ತೋಯಿಸಿದ ಗೋಣಿತಟ್ಟು ಇಳಿಬಿಟ್ಟು, ನಡುಮನೆಯ ಅರೆಗತ್ತಲಲ್ಲಿ ನಾಲ್ವರೂ ಚೌಕಾಬಾರಾಕ್ಕೆ ಕೂಡುತ್ತಿದ್ದೆವು: ಅಜ್ಜ, ಆಯಿ, ಅವ್ವ, ನಾನು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ, ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದ.

ಸಾರಿಸಿದ ನೆಲದ ಮೇಲೆ ಸೀಮೆಸುಣ್ಣದ ಖಡುವಿನಿಂದ ಮನೆಗಳನ್ನು ಬರೆಯುವುದು ನನ್ನ ಹಕ್ಕು. ಅಜ್ಜನ ಕಾಯಿ ಹುಣಸೆಬೀಜ, ಆಯಿಯದು ಗೋವಿನಜೋಳದ ಕಾಳು, ನನ್ನವು ಹರಳುಕಲ್ಲು. ಅವ್ವನವು ಹಸಿರು ಬಳೆಚೂರು. ಅಪ್ಪ ಹೋದ ದಿನ ಅವಳ ಕೈಯಲ್ಲಿ ಒಡೆದ ಬಳೆಗಳ ಚೂರು ಅವು. ಬೇರೆ ಕಾಯಿ ತಗೋ ಎಂದು ಯಾರೂ ಹೇಳಲಿಲ್ಲ, ಅವಳೂ ತೆಗೆದುಕೊಳ್ಳಲಿಲ್ಲ.

ಕವಡೆ ಎಸೆಯಬೇಕು, ಅಂಗಾತ ಬಿದ್ದಷ್ಟು ಮನೆ ನಡೆಯಬೇಕು. ಎದುರಿನವರ ಒಂದು ಕಾಯನ್ನಾದರೂ ಕಡಿಯದ ಹೊರತು ಒಳಸುತ್ತಿಗೆ ಹೋಗುವಂತಿಲ್ಲ, ನಡುವಿನ ಮನೆ ಸೇರಿ ಹಣ್ಣಾಗುವಂತಿಲ್ಲ. ಇಷ್ಟು ಎಲ್ಲ ಕಡೆಯೂ ಉಂಟು. ನಮ್ಮ ಮನೆಯದು ಮತ್ತೊಂದಿತ್ತು. ಆಟ ನಡುವೆ ಬಿಟ್ಟು ಯಾರೂ ಪರವೂರಿಗೆ ಹೊರಡಬಾರದು. ಹೊರಟರೆ ಹೋದ ಕೆಲಸವೂ ನಡುವೆ ನಿಲ್ಲುತ್ತದೆ ಎಂದು ಅಜ್ಜನ ನಂಬಿಕೆ. ಸಂಜೆಯಾದರೆ ಕಾಯಿಗಳನ್ನು ಇದ್ದಲ್ಲೇ ಬಿಟ್ಟು, ಮೇಲೆ ಬುಟ್ಟಿ ಬೋರಲು ಹಾಕಿ, ಮರುದಿನ ಮುಂದುವರಿಸುತ್ತಿದ್ದೆವು. ಒಮ್ಮೆ ಬೆಳುಂಕಿಯ ಬೀಗರ ಮನೆಯ ಮದುವೆಗೆ ಹೊರಟ ಅಜ್ಜ, ಬುಟ್ಟಿ ನೆನಪಾಗಿ ಊರ ಅಗಸೆಬಾಗಿಲಿನಿಂದ ತಿರುಗಿ ಬಂದ. ಆಟ ಮುಗಿಸಿ ಹೋಗುವಷ್ಟರಲ್ಲಿ ಅಲ್ಲಿ ಊಟದ ಪಂಕ್ತಿ ಎದ್ದಿತ್ತಂತೆ. ಆಯಿ ಅದನ್ನು ವರ್ಷಗಟ್ಟಲೆ ಆಡಿಕೊಂಡು ನಕ್ಕಳು.

ಅವ್ವ ಮಾವನಾದ ಅಜ್ಜನ ಎದುರು ದನಿ ಎತ್ತುವಂತಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಓರೆಯಾಗಿ ಕೂತು ಕವಡೆ ಎಸೆಯುತ್ತಿದ್ದಳು. ಎಷ್ಟು ಬಿತ್ತೆಂದು ಕೂಗುವ ಕೆಲಸ ನನ್ನದು. ಅಜ್ಜ, ಆಯಿ ಇಬ್ಬರಿಗೂ ಆ ಕತ್ತಲಲ್ಲಿ ಕವಡೆ ಕಾಣುತ್ತಿರಲಿಲ್ಲ. ನಾನು ಹೇಳಿದ್ದೇ ಲೆಕ್ಕ.

ಅಂಥದೊಂದು ಬೇಸಿಗೆ, ಆಟವೊಂದು ಬುಟ್ಟಿಯಡಿ ಅರ್ಧಕ್ಕೆ ನಿಂತಿದ್ದಾಗಲೇ, ಮುಚ್ಚಂಡಿಯಿಂದ ಸೋದರಮಾವ ಬಂದ. ನೀರು ಕುಡಿದು ಅಜ್ಜನ ಎದುರು ಕೂತವನು, "ಅಸಂಗ್ಯಾಗ ಒಂದು ಚಲೋ ಮನಿ ಐತ್ರಿ. ಹೆಂಡ್ತಿ ತೀರಿಕೊಂಡಾಳ, ಮಕ್ಕಳಿಲ್ಲ. ಮಿರಗ ಕೂಡೂದ್ರೊಳಗ ಉಡಿಕಿ ಮಾಡಿ ಮುಗಸೂಣ್ರಿ" ಎಂದ. ಉಡಿಕಿ ಎಂದರೆ ಗಂಡ ಸತ್ತವಳ ಎರಡನೆಯ ಮದುವೆ. ಅಜ್ಜ ಆಯಿಯ ಕಡೆ ತಿರುಗಿದ. ಆಯಿ, "ನಾನ ಹೇಳಿ ಕಳಸಿದ್ದೆ" ಎಂದಳು.

ಅವ್ವ ಬಾಗಿಲ ಮರೆಯಿಂದ, "ಅಣ್ಣಾ, ಕೂಸನ್ನೂ ಕರಕೊಂಡ ಹೋಗ್ತೀನಿ" ಎಂದಳು.

"ಅದು ಈ ಮನಿ ಕೂಸವ್ವಾ. ಇಲ್ಲೇ ಬೆಳೀಬೇಕು" ಎಂದ ಸೋದರಮಾವ.

ಮೊದಲ ಗಂಡನ ಮಕ್ಕಳು ಅವನ ಮನೆಗೇ ಸೇರಿದವರು. ಅದೇ ರೂಢಿ. ಅದನ್ನು ಯಾರು ಮಾಡಿದರೋ, ಅವರಿಗೆ ತಾಯಿ ಇರಲಿಲ್ಲವೇನೋ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಅವ್ವ ಬುಟ್ಟಿಯ ಕಡೆ ಕೈ ತೋರಿಸಿ, "ಆಟ ನಡದೈತಿ. ಮುಗೀಲಿ" ಎಂದಳು. ಮಾವ ನಕ್ಕ. ನಾಲ್ಕು ದಿನದ ಮಾತು ಎಂದುಕೊಂಡು ಊರಿಗೆ ಹೋದ.

ಆಟ ಮುಗಿಯಲೇ ಇಲ್ಲ. ಅವ್ವನ ಬಳೆಚೂರು ಯಾರ ಕಾಯನ್ನೂ ಕಡಿಯಲಿಲ್ಲ. ಮೂರು ಬಿದ್ದು ಕಡಿಯುವ ಹಾಗಿದ್ದರೆ ನಾನು ಎರಡು ಎಂದು ಕೂಗುತ್ತಿದ್ದೆ. ಅವ್ವ ಕವಡೆ ನೋಡಿ, ನನ್ನನ್ನು ನೋಡಿ, ಎರಡೇ ಮನೆ ನಡೆಯುತ್ತಿದ್ದಳು. ವಿಚಿತ್ರವೆಂದರೆ ಕಡಿಯುವುದರಲ್ಲಿ ದಯೆದಾಕ್ಷಿಣ್ಯವಿಲ್ಲದ ಅಜ್ಜನೂ ಎದುರಿಗೆ ಬಂದ ಕಾಯನ್ನು ಬಿಟ್ಟು ಬೇರೆಯದನ್ನು ನಡೆಸತೊಡಗಿದ. ಯಾರೂ ಯಾರನ್ನೂ ಕಡಿಯದೆ ನಾಲ್ವರ ಕಾಯಿಗಳೂ ಹೊರಸುತ್ತಿನಲ್ಲೇ ಸುತ್ತಿದವು, ಗಾಣದ ಎತ್ತಿನ ಹಾಗೆ. ನನಗೆ ಮಾತ್ರ ಅಷ್ಟು ಸುಖದ ಬೇಸಿಗೆ ಮತ್ತೆ ಬರಲಿಲ್ಲ.

ಒಂದು ಮಧ್ಯಾಹ್ನ ಅಜ್ಜ, ಆಯಿ ತೂಕಡಿಸುತ್ತಿದ್ದರು. ನಾನು ಅವ್ವನ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಅರೆಗಣ್ಣು ತೆರೆದು ನೋಡಿದರೆ ಅವ್ವ ಆಟದಲ್ಲಿಲ್ಲದ ಮಿಕ್ಕ ಬಳೆಚೂರುಗಳನ್ನು ತನ್ನ ಬರಿಗೈಯ ಮಣಿಕಟ್ಟಿನ ಮೇಲೆ ಒಂದರ ಪಕ್ಕ ಒಂದು ಇಟ್ಟುಕೊಂಡು ನೋಡುತ್ತಿದ್ದಳು. ಬೆಳಕಿಂಡಿಯ ಬಿಸಿಲಿಗೆ ಕೈ ಅತ್ತಿತ್ತ ತಿರುಗಿಸಿದಳು. ಆಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ನನಗೆ ಅಷ್ಟು ತಿಳಿಯದಿದ್ದರೂ, ನೋಡಬಾರದ್ದನ್ನು ನೋಡಿದೆನೆಂದು ಗೊತ್ತಾಯಿತು. ಕಣ್ಣು ಮುಚ್ಚಿಕೊಂಡೆ.

ಮಾವ ಎರಡನೆಯ ಸಲ ಹೇಳಿ ಕಳಿಸಿದ. ಆಕಾಶದಲ್ಲಿ ಮೋಡ ಕಾಣಿಸಿಕೊಂಡಿತ್ತು. ಅಂದು ಆಯಿ ತನ್ನ ಕಾಳನ್ನು ಬೇಕೆಂದೇ ಅವ್ವನ ಬಳೆಚೂರಿನ ಎದುರಿಗೆ ತಂದು ಇಟ್ಟಳು. ಅವ್ವ ಎಸೆದಳು. ನಾನು ಬಾಯಿ ಬಿಡುವ ಮೊದಲೇ ಆಯಿ ಬಗ್ಗಿ ಕವಡೆಯನ್ನು ಬೆರಳಿನಿಂದ ತಡವಿ ನೋಡಿದಳು.

"ಕಡಿ" ಎಂದಳು.

"ಬ್ಯಾಡ್ರಿ ಅತ್ತಿ."

"ನನ್ನ ಮಗನ ಕೂಡ ಎಲ್ಲಾರೂ ಸಾಯಾಕ ಬರೂದಿಲ್ಲವ್ವಾ. ಕೂಸಿಗಿ ನಾ ಅದೇನಿ."

ಅವ್ವ ಅಲುಗಲಿಲ್ಲ. ಆಯಿ ಅವಳ ಕೈ ಹಿಡಿದು, ಬಳೆಚೂರನ್ನು ಆ ಕೈಯಿಂದಲೇ ಎತ್ತಿಸಿ ತನ್ನ ಕಾಳಿನ ಮೇಲೆ ಇಡಿಸಿದಳು. ಅಜ್ಜ ಗೋಡೆಯ ಕಡೆ ಮುಖ ಮಾಡಿಕೊಂಡು ಕೂತ.

ಮುಂದೆ ತಡವಾಗಲಿಲ್ಲ. ಅವ್ವನ ಕಾಯಿಗಳು ಒಂದೊಂದಾಗಿ ಒಳಗೆ ಹೋಗಿ ಹಣ್ಣಾದವು. ಕೊನೆಯ ಚೂರು ನಡುವಿನ ಮನೆಯ ಹೊಸ್ತಿಲಲ್ಲಿ ನಿಂತಿತು. ಒಂದು ಬಿದ್ದರೆ ಆಟ ಮುಗಿಯಿತು, ಬೇರೇನು ಬಿದ್ದರೂ ಅಲ್ಲೇ ಇರಬೇಕು. ಅವ್ವ ಕವಡೆಗಳನ್ನು ಬಹಳ ಹೊತ್ತು ಮುಷ್ಟಿಯಲ್ಲೇ ಹಿಡಿದಿದ್ದು ಎಸೆದಳು. ಎಸೆದವಳು ಅವುಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಯಿ ಈ ಸಲ ಕೈ ಚಾಚಲಿಲ್ಲ.

"ಏನ್ ಬಿದ್ದೈತಿ ಹೇಳವ್ವಾ" ಎಂದ ಅಜ್ಜ ನನಗೆ, ಗೋಡೆಯ ಕಡೆಯಿಂದಲೇ.

ಮೂರು ಕವಡೆ ಬೋರಲಾಗಿದ್ದವು, ಒಂದು ಅಂಗಾತ. ಎರಡು ಎಂದಿದ್ದರೆ ಅವ್ವ ಮತ್ತೊಂದು ದಿನ ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ. ನಾನು ಅವಳ ಬರಿಯ ಮಣಿಕಟ್ಟನ್ನು ನೋಡಿದೆ.

"ಒಂದು" ಎಂದೆ.